ಎರಡು ಮಾನಿಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಡ

ಬಿಲ್ಲಿಂಗ್, ಟೈಪಿಂಗ್‌ಗೆ ಎರಡು ಮಾನಿಟರ್ ಬೇಕಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಹಿಂಬದಿಯಲ್ಲಿ ಎರಡು ಡಿಸ್‌ಪ್ಲೇಪೋರ್ಟ್ (ಮಾನಿಟರ್ ಕೇಬಲ್ ಸಿಕ್ಕಿಸುವ ಒಂದು ಬಗೆಯ ಪೋರ್ಟ್) ಇರುವ ರಿಫರ್ಬಿಶ್ಡ್, ಅಂದರೆ ಸರಿಪಡಿಸಿ ಮತ್ತೆ ಮಾರುವ ಹಳೆಯ ಆಫೀಸ್ ಪಿಸಿ ತಗೊಳ್ಳಿ, ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ಥರದ್ದು. ಇವುಗಳ ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸೇ ಎರಡು ಪರದೆಗಳನ್ನು ಆರಾಮಾಗಿ ನಡೆಸುತ್ತದೆ. ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಸಾಕು. ಪ್ರೊಸೆಸರ್ 8ನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದೇ ಇರಲಿ. ಹಳೆಯದಾದರೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಮಾನಿಟರ್‌ಗೆ ಒಂದೇ ಪೋರ್ಟ್ ಇರುವ ಪಿಸಿಯಲ್ಲಿ ಇದು ಇಷ್ಟು ಸುಲಭವಾಗಿ ನಡೆಯುವುದಿಲ್ಲ. ಎಚ್‌ಡಿಎಂಐ ಸ್ಪ್ಲಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ, ಅಷ್ಟೇ. ಹೊಸ ಗೇಮ್‌ಗಳಿಗೂ ಇಂಥ ಪಿಸಿ ಆಗದು. ನಮ್ಮ ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ ಅಲ್ವಾ, ಪೋರ್ಟ್‌ಗಳನ್ನು ಸರಿಯಾಗಿ ನೋಡಿ, ಅಂಗಡಿಯಲ್ಲೇ ಎರಡೂ ಮಾನಿಟರ್ ಜೋಡಿಸಿ ಆನ್ ಮಾಡಿಸಿ, ಆಮೇಲೆ ದುಡ್ಡು ಕೊಡಿ.