ಹಳೆಯ ಚಿತ್ರದಲ್ಲಿರುವ ಕಟ್ಟಡ ಎಲ್ಲಿಯದು? ಹುಡುಕುವುದು ಹೀಗೆ

ಮನೆ ಪಾಲಾಗುವಾಗ ಸಿಕ್ಕಿದ ಪೆಟ್ಟಿಗೆಯಲ್ಲಿ ಒಂದು ಪೆನ್ಸಿಲ್ ಚಿತ್ರ. ಹೊಳೆ, ಗುಡ್ಡೆ, ಎರಡು ಮೂರು ಕಟ್ಟಡ. ಊರಿನ ಹೆಸರಿಲ್ಲ. ಇಂಥದ್ದು ಕೈಗೆ ಬಂದರೆ ಎಲ್ಲರೂ ಮೊದಲು ಕಟ್ಟಡವನ್ನೇ ದಿಟ್ಟಿಸುತ್ತಾರೆ. ಕಾಸರಗೋಡಿನ ಮಟ್ಟಿಗೆ ಅದರಿಂದ ಉಪಯೋಗ ಕಡಿಮೆ. ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ಟೆರೇಸ್ ಬಂತು. ಹೆದ್ದಾರಿ ಅಗಲ ಮಾಡುವಾಗ ಎಷ್ಟೋ ಹಳೆ ಕಟ್ಟಡಗಳೇ ಹೋದವು. ಹೆಚ್ಚುಕಡಿಮೆ ಇದ್ದಲ್ಲೇ ಇರುವುದು ಗುಡ್ಡೆ, ಹೊಳೆ, ಕಡಲು.

ಮೊದಲು ಚಿತ್ರದ ಹಿಂಬದಿ ನೋಡಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾಸಿದ ಬರಹವೂ ಕಾಣುತ್ತದೆ. ಗಾಜಿಗೆ ಅಂಟಿದ್ದರೆ ಎಳೆಯಬೇಡಿ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಕಾಸರಗೋಡಿನ ವಿಳಾಸದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದರೆ ಅದು ಬಹುಶಃ 1956ರ ನವೆಂಬರಿಗಿಂತ, ಅಂದರೆ ಕಾಸರಗೋಡು ಕೇರಳಕ್ಕೆ ಸೇರುವುದಕ್ಕಿಂತ ಹಿಂದಿನದು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರಿಂದ 1984ರ ನಡುವಿನದು. 'ಹೊಸದುರ್ಗ' ಎಂದು ಕಂಡರೆ ಚಿತ್ರದುರ್ಗದ ಬಸ್ಸು ಹತ್ತಬೇಡಿ, ಕಾಞಂಗಾಡಿನಲ್ಲೇ ಒಂದು ಹೊಸದುರ್ಗ ಇದೆ. ಕಾಗದವನ್ನು ಬೆಳಕಿಗೆ ಹಿಡಿದಾಗ ನೀರುಗುರುತಿನಲ್ಲಿ ಇಸವಿ ಕಂಡರೆ, ಚಿತ್ರ ಅದಕ್ಕಿಂತ ಹಳೆಯದಲ್ಲ.

ಮಾಡಿನಿಂದಲೂ ಕಾಲದ ಅಂದಾಜು ಸಿಗುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಚಿತ್ರದಲ್ಲಿ ಮಂಗಳೂರು ಹಂಚು ಇದ್ದರೆ ಅದು ಆಮೇಲಿನದು. ಜಾಗಕ್ಕೆ ಹೋದಾಗ ಹಂಚಿನ ಮೇಲೆ 1865 ಎಂದು ಅಚ್ಚು ಕಂಡರೆ ಹಿಗ್ಗಬೇಡಿ, ಅದು ಕಾರ್ಖಾನೆಯ ಇಸವಿ. ದೇವಸ್ಥಾನಗಳ ವಿಷಯದಲ್ಲೂ ಅವಸರ ಬೇಡ. ಹಿಂಬದಿ ದುಂಡಗಿರುವ ಗಜಪೃಷ್ಠದ ಗುಡಿ ಕಂಡ ಕೂಡಲೇ ಮಧೂರು ಎನ್ನುವವರಿದ್ದಾರೆ. ಕರಾವಳಿಯಲ್ಲಿ ಅಂಥ ಗುಡಿಗಳು ಬೇರೆಯೂ ಇವೆ. ಮಧೂರಾದರೆ ಪಕ್ಕದಲ್ಲಿ ಮಧುವಾಹಿನಿ ಹೊಳೆ ಇರಬೇಕು, ಮೂರು ಅಂತಸ್ತಿನ ಮಾಡು ಇರಬೇಕು.

ಇನ್ನು ದಿಕ್ಕು. ನಮ್ಮಲ್ಲಿ ಕಡಲು ಪಡುವಣಕ್ಕೆ, ಹಾಗಾಗಿ ಕೆಲಸ ಸುಲಭ. ಕಡಲು ಬಲಕ್ಕಿದ್ದರೆ ಬರೆದವರು ತೆಂಕಕ್ಕೆ ನೋಡುತ್ತಿದ್ದರು, ಎಡಕ್ಕಿದ್ದರೆ ಬಡಗಕ್ಕೆ. ಚಂದ್ರಗಿರಿ ಕೋಟೆ ಇರುವುದು ಹೊಳೆಯ ತೆಂಕು ದಡದಲ್ಲಿ, ಕಾಸರಗೋಡು ಪೇಟೆ ಬಡಗು ದಡದಲ್ಲಿ. ಪೇಟೆ ಕಡೆಯಿಂದ ಕೋಟೆಯನ್ನು ಬರೆದರೆ ಕಡಲು ಬಲಕ್ಕೇ ಬರಬೇಕು ಅಲ್ವಾ? ಎಡಕ್ಕೆ ಬಂದಿದ್ದರೆ ಒಂದೋ ಅದು ಚಂದ್ರಗಿರಿಯಲ್ಲ, ಇಲ್ಲವೇ ಚಿತ್ರ ಎಡಬಲ ಮಗುಚಿದ ನಕಲು. ಅಚ್ಚಿನ ಚಿತ್ರಗಳಲ್ಲಿ ಹಾಗಾಗುವುದುಂಟು. ಫೋನಿನಲ್ಲಿ ಫೋಟೋ ತೆಗೆದು ತಿರುಗಿಸಿ ನೋಡಿ.

ಊರು ಯಾವುದೆಂದು ಅಂದಾಜಾದ ಮೇಲೆ ಬರೆದವರು ನಿಂತ ಜಾಗ ಹುಡುಕಬೇಕು. ನನಗೆ ಇಷ್ಟವಾದ ಕೆಲಸ ಇದೇ. ಚಿತ್ರದಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಕೂತಿರುವ ಎರಡು ವಸ್ತು ಆರಿಸಿಕೊಳ್ಳಿ. ಬೇಕಲ ಕೋಟೆಯ ಬುರುಜಿನ ಅಂಚು, ಅದರ ಹಿಂದೆ ಗುಡ್ಡೆಯ ತುದಿ ಎಂದಿಟ್ಟುಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ಆ ಎರಡನ್ನೂ ಸೇರಿಸಿ ಗೆರೆ ಎಳೆದು, ನಿಮ್ಮ ಕಡೆಗೆ ಮುಂದುವರಿಸಿ. ಬರೆದವರು ಆ ಗೆರೆಯ ಮೇಲೆಯೇ ಎಲ್ಲೋ ನಿಂತಿದ್ದರು. ಇನ್ನೊಂದು ಜೋಡಿ ಹುಡುಕಿ ಎರಡನೇ ಗೆರೆ ಎಳೆಯಿರಿ. ಎರಡೂ ಕೂಡುವಲ್ಲಿಗೆ ಹೋಗಿ ನಿಲ್ಲಿ. ಬದಿಗೆ ನಾಲ್ಕು ಹೆಜ್ಜೆ ಇಟ್ಟರೂ ಹತ್ತಿರದ ಬುರುಜು ಸರಿಯುತ್ತದೆ, ದೂರದ ಗುಡ್ಡೆ ಸರಿಯುವುದಿಲ್ಲ. ಎರಡೂ ಚಿತ್ರದಲ್ಲಿದ್ದಂತೆ ಕೂಡುವವರೆಗೆ ಸರಿಯುತ್ತಾ ಹೋಗಿ. ಗುಡ್ಡೆಯ ಎತ್ತರವನ್ನು ಮಾತ್ರ ನಂಬಬೇಡಿ, ಚಿತ್ರ ಬರೆಯುವವರು ಅದನ್ನು ಜಾಸ್ತಿ ಮಾಡುತ್ತಾರೆ. ಎಡದಿಂದ ಬಲಕ್ಕೆ ಯಾವುದರ ಬಳಿಕ ಯಾವುದು ಎನ್ನುವುದನ್ನು ನಂಬಬಹುದು.

ಮನೆತನದ ಮನೆಯ ಚಿತ್ರವಾದರೆ ಹಳೆ ಪಾಲುಪಟ್ಟಿಯಲ್ಲಿ ಸರ್ವೆ ನಂಬ್ರ, ನಾಲ್ಕು ಗಡಿಗಳ ವಿವರ ಇರುತ್ತದೆ. ಅದನ್ನು ಹಿಡಿದು ವಿಲೇಜ್ ಆಫೀಸಿಗೆ ಹೋಗಿ.

ಊರಿನ ಹಿರಿಯರನ್ನು ಕೇಳಲೇಬೇಕು. ಆದರೆ "ಇದು ನಮ್ಮ ಕುಂಬಳೆಯ ಪೇಟೆಯಲ್ವಾ ಅಜ್ಜ?" ಎಂದು ಕೇಳಬೇಡಿ. ಹೌದು ಮಗಾ ಎಂದುಬಿಡುತ್ತಾರೆ. ಸುಮ್ನೆ ಚಿತ್ರ ತೋರಿಸಿ, ಎಲ್ಲಿಯದಿರಬಹುದು ಎಂದಷ್ಟೇ ಕೇಳಿ. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದರೆ ಇನ್ನೂ ಒಳ್ಳೆಯದು.

ಜಾಗ ಸಿಕ್ಕಿದರೆ ಅಲ್ಲಿಂದಲೇ ಒಂದು ಫೋಟೋ ತೆಗೆಯಿರಿ, ಮ್ಯಾಪಿನಲ್ಲಿ ಗುರುತು ಹಾಕಿ. ಯಾವುದು ಖಚಿತ, ಯಾವುದು ಊಹೆ ಎಂದು ಬೇರೆ ಕಾಗದದಲ್ಲಿ ಬರೆದಿಡಿ. ಚಿತ್ರದ ಹಿಂಬದಿಯಲ್ಲಿ ಪೆನ್ನು ಆಡಿಸಬೇಡಿ.