ಕುದುರೆ ಜಿ5ಕ್ಕೆ ಬಂದಾಗ ಏನು ಮಾಡಬೇಕು

ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ರ‍್ಯಾಪಿಡ್ ಚೆಸ್ ಟೂರ್ನಿ, ಮೂರನೇ ರೌಂಡು. ಎದುರಿಗೆ ಕೂತವನು ನಾಲ್ಕನೇ ಕ್ಲಾಸಿನ ಹುಡುಗ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನನಗೆ ನಲವತ್ತಾರು. ಹದಿನಾಲ್ಕನೇ ನಡೆಗೆ ಸೋಲೊಪ್ಪಿ ಕೈ ಕುಲುಕಿ ಎದ್ದು, ಮಿರ್ಚಿ-ಮಂಡಕ್ಕಿ ಹುಡುಕಿಕೊಂಡು ಹೊರಟೆ.

ಮನೆಗಳ ಹೆಸರು ಹೀಗೆ: ಬಿಳಿಯವನ ಎಡದಿಂದ ಎ-ಎಚ್ ಕಂಬಸಾಲು, ಅವನ ಕಡೆಯಿಂದ 1-8 ಅಡ್ಡಸಾಲು. ಬಿಳಿ ಅವನದು; ಅವನ ಪಾನ್ (ಕಾಲಾಳು) ಇ4ಕ್ಕೆ, ನನ್ನದು ಇ5ಕ್ಕೆ. ಅವನ ಕುದುರೆ ಎಫ್3, ನನ್ನದು ಸಿ6. ಅವನ ಬಿಷಪ್ (ಒಂಟೆ) ಸಿ4. ಇಟಾಲಿಯನ್ ಅನ್ನೋ ಆರಂಭ ಅಲ್ವಾ, ಆರಾಮ ಅಂದುಕೊಂಡು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದೆ. ಹುಡುಗ ಯೋಚಿಸಲೇ ಇಲ್ಲ, ಕುದುರೆ ಎತ್ತಿ ಜಿ5ರಲ್ಲಿ ಕುಕ್ಕಿದ.

ಇಲ್ಲಿ ಎಫ್7 ಮನೆ ನೋಡಿ. ಹೊಡೆಯಲು ಕುದುರೆ, ಬಿಷಪ್ ಇಬ್ಬರು. ಕಾಯಲು ರಾಜ ಒಬ್ಬನೇ. ಕ್ಯಾಸಲ್ ಮಾಡೋಣ (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡೋದು) ಅಂದರೆ ಎಫ್8ರ ಬಿಷಪ್ ಇನ್ನೂ ಎದ್ದಿಲ್ಲ. ಹಾಗಾಗಿ ಪಾನನ್ನು ಡಿ5ಕ್ಕೆ ತಳ್ಳಿ, ಬಿಷಪ್ಪಿನ ದಾರಿಗೆ ಅಡ್ಡ ಹಾಕಿ. ಅವನು ಇ ಪಾನಿನಿಂದ ಅದನ್ನು ಹೊಡೆಯುತ್ತಾನೆ.

ನಾನು ಎಡವಿದ್ದು ಇಲ್ಲೇ. ಪಾನ್ ಸುಮ್ನೆ ಸಿಕ್ಕಿತು ಅಂತ ಕುದುರೆಯಿಂದ ಹೊಡೆದೆ. ಅವನು ಕುದುರೆಯನ್ನೇ ಬಲಿ ಕೊಟ್ಟು ಎಫ್7 ಹೊಡೆದ. ರಾಜ ಅದನ್ನು ತಿಂದ. ರಾಣಿ ಎಫ್3ಕ್ಕೆ ಬಂದು ಚೆಕ್, ಜೊತೆಗೆ ಡಿ5ರ ಕುದುರೆ ಮೇಲೂ ಕಣ್ಣು. ಅದನ್ನು ಉಳಿಸಲು ರಾಜ ಇ6ಕ್ಕೆ, ನಡುಬೀದಿಗೆ ಬರಬೇಕು. ಫ್ರೈಡ್ ಲಿವರ್ (ಹುರಿದ ಲಿವರ್) ಅಂತಾರೆ ಇದಕ್ಕೆ, 400 ವರ್ಷದ ಹಳೇ ಏಟು. ಮನೆಯಲ್ಲಿ ಹೆಸರು ಹೇಳಿದ್ದಕ್ಕೆ ಅಮ್ಮ, ‘ಶ್ರಾವಣದಲ್ಲಿ ಇದೆಂಥ ಮಾತೋ’ ಅಂದರು.

ಡಿ5ರ ಪಾನ್ ಮುಟ್ಟಬೇಡಿ. ಸಿ6ರ ಕುದುರೆಯನ್ನು ಎ5ಕ್ಕೆ ಹಾರಿಸಿ, ಅವನ ಬಿಷಪ್ಪನ್ನು ಬೆದರಿಸಿ. ಅದು ಬಿ5ರಲ್ಲಿ ಚೆಕ್ ಕೊಟ್ಟರೆ ಪಾನನ್ನು ಸಿ6ಕ್ಕೆ ತಳ್ಳಿ ತಡೆಯಿರಿ. ಅವನು ಹೊಡೆದರೆ ಬಿ ಪಾನಿನಿಂದ ತಿರುಗಿ ಹೊಡೆಯಿರಿ. ಬಿಷಪ್ ಮತ್ತೆ ಓಡಬೇಕು. ಅದು ಇ2ಕ್ಕೆ ಹೋಯಿತೋ, ಎಚ್6 ಆಡಿ ಕುದುರೆಯನ್ನೂ ಎಬ್ಬಿಸಿ. ಎಫ್3ಕ್ಕೆ ವಾಪಸ್ ಬಂದರೆ ಇ4 ತಳ್ಳಿ ಇನ್ನೊಮ್ಮೆ ಓಡಿಸಿ. ಒಂದು ಪಾನ್ ಕಡಿಮೆ ನಿಜ, ಹೊಟ್ಟೆ ಉರಿಸಿಕೊಳ್ಳಬೇಡಿ. ಅವನು ಓಡಾಡುವಷ್ಟರಲ್ಲಿ ನಿಮ್ಮ ಕಾಯಿಗಳು ಹೊರಗೆ ಬಂದಿರುತ್ತವೆ. ಬೋರ್ಡ್ ಮೇಲೆ ಹತ್ತು ಸಲವಾದರೂ ಆಡಿ ನೋಡಿ, ಮೊಬೈಲಲ್ಲಿ ನೋಡಿದ್ದು ಕೈಗೆ ಹತ್ತುವುದಿಲ್ಲ.

ಇಷ್ಟೆಲ್ಲ ನೆನಪಿಡೋದು ಕಷ್ಟ ಅಂದರೆ, ಮೂರನೇ ನಡೆಯಲ್ಲಿ ಕುದುರೆ ಬದಲು ಬಿಷಪ್ಪನ್ನು ಸಿ5ಕ್ಕೆ ತನ್ನಿ. ಮರುನಡೆಯಲ್ಲೇ ಅವನ ಕುದುರೆ ಜಿ5ಕ್ಕೆ ಬಂದರೆ ನಿಮ್ಮ ರಾಣಿ ಅದನ್ನು ಪುಕ್ಕಟೆ ತಿನ್ನುತ್ತಾಳೆ.