ಒಕ್ಕೂಟ ಬಿಟ್ಟ ದೇಶದ ಗಡಿ ತಕರಾರು: ಮೂರು ಗೆರೆ ಎಳೆದು ಓದುವ ಬಗೆ

ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು), ಜಿಬ್ರಾಲ್ಟರ್ (ಸ್ಪೇನಿನ ದಕ್ಷಿಣಕ್ಕೆ ಅಂಟಿದ, ಬ್ರಿಟನ್ ಕೈಯಲ್ಲಿರುವ ಬಂಡೆ) ಎಂದು ಪ್ರಶ್ನೆ ಬಂದರೆ ಸಾಕು, ಬೆಳಗಾವಿ, ವಿಜಯಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಉತ್ತರದಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ ಮಹಾಜನ ಆಯೋಗ ಬಂದು ಕೂತುಬಿಡುತ್ತದೆ. ಅಂಕ ಹೋಗುವುದು ಅಲ್ಲೇ. ಬೆಳಗಾವಿಯದು ಸಾರ್ವಭೌಮತ್ವದ ಜಗಳವಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಚಂದಗಡ ತಾಲೂಕು ಮುಂಬೈ ರಾಜ್ಯದಲ್ಲೇ ಉಳಿಯಿತು. ಅದರಿಂದ ಯಾರ ಪೌರತ್ವವೂ ಬದಲಾಗಲಿಲ್ಲ. ಈ ಗೆರೆ ಸರಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿನದು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಬಾಗಿಲು ಬಡಿದದ್ದು 131ನೇ ವಿಧಿಯಡಿ. ಸ್ಪೇನ್ ಮತ್ತು ಬ್ರಿಟನ್ ಇಬ್ಬರ ಮೇಲೂ ಹೀಗೆ ತೀರ್ಮಾನ ಹೇಳುವ ಸಂಸತ್ತಾಗಲಿ ಕೋರ್ಟಾಗಲಿ ಇಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬೇಕೆಂದರೂ ಇಬ್ಬರೂ ಒಪ್ಪಬೇಕು.

ಹಾಗಾಗಿ ಹೋಲಿಕೆ ಆಮೇಲೆ, ಮೊದಲು ನಕಾಶೆ.

ಒಂದು ಡ್ರಾಯಿಂಗ್ ಶೀಟ್, ಕೆಂಪು ಪೆನ್ನು, ನೀಲಿ ಪೆನ್ನು, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಕೆಂಪು ಗೆರೆ ಸಾರ್ವಭೌಮತ್ವಕ್ಕೆ: ನೆಲ ಯಾರದು. ನೀಲಿ ಸುಂಕಕ್ಕೆ: ಸರಕು ಎಲ್ಲಿ ತಪಾಸಣೆಯಾಗುತ್ತದೆ. ಪೆನ್ಸಿಲ್ ಮನುಷ್ಯರಿಗೆ: ಪಾಸ್‌ಪೋರ್ಟ್ ಎಲ್ಲಿ ತೋರಿಸಬೇಕು. ಇದಕ್ಕೆ ಪೆನ್ಸಿಲ್ ಯಾಕೆಂದರೆ ಹೆಚ್ಚು ಸಲ ಅಳಿಸಿ ಬರೆಯಬೇಕಾದದ್ದು ಇದೇ.

ಮೂರೂ ಒಂದೇ ಜಾಗದಲ್ಲಿ ಇರಬೇಕಿಲ್ಲ ಎಂಬುದು ತಲೆಗೆ ಹತ್ತದಿದ್ದರೆ ನಿಪ್ಪಾಣಿ ಆಚೆಯ ಕೊಗನೊಳಿ ನೆನೆಸಿಕೊಳ್ಳಿ. ಕೊರೊನಾ ಕಾಲದಲ್ಲಿ ಮಹಾರಾಷ್ಟ್ರದಿಂದ ಬಂದವರನ್ನು ಅಲ್ಲಿ ನಿಲ್ಲಿಸಿ ಪರೀಕ್ಷೆಯ ವರದಿ ಕೇಳುತ್ತಿದ್ದರು. ಆಮೇಲೆ ಕೇಳುವುದು ನಿಂತಿತು. ರಾಜ್ಯದ ಗಡಿ ಮಾತ್ರ ಒಂದು ಗೇಣೂ ಸರಿಯಲಿಲ್ಲ. ಗಡಿ ಬೇರೆ, ತಪಾಸಣೆ ಬೇರೆ. ಒಕ್ಕೂಟ ಸೇರಿದಾಗ ಮತ್ತು ಬಿಟ್ಟಾಗ ಓಡಾಡುವುದು ತಪಾಸಣೆ. ಕೆಂಪು ಗೆರೆ ಇದ್ದಲ್ಲೇ ಇರುತ್ತದೆ.

ಜಿಬ್ರಾಲ್ಟರ್: ಚಕ್ಕುಬಂದಿ ಇಲ್ಲದ ಖರೀದಿ ಪತ್ರ

ಸುಮಾರು 6.8 ಚದರ ಕಿಲೋಮೀಟರಿನ ಈ ಬಂಡೆಯ ಮೇಲೇ ಹೆಚ್ಚು ಹೊತ್ತು ಕೂಡಿರಿ, ಉಳಿದದ್ದೆಲ್ಲ ಇದರಿಂದ ಅರ್ಥವಾಗುತ್ತದೆ. ಕೆಂಪು ಗೆರೆ ಎಳೆಯಲು ಹೋದಾಗಲೇ ಕೈ ತಡೆಯುತ್ತದೆ. 1713ರ ಯೂಟ್ರೆಕ್ಟ್ ಒಪ್ಪಂದದ 10ನೇ ಕಲಮಿನಲ್ಲಿ ಸ್ಪೇನ್ ಬಿಟ್ಟುಕೊಟ್ಟದ್ದು ಪಟ್ಟಣ, ಕೋಟೆ, ಬಂದರು. ಚತುಸ್ಸೀಮೆ ಬರೆದಿಲ್ಲ. ಬಂಡೆಯನ್ನು ಸ್ಪೇನಿಗೆ ಕೂಡಿಸುವ ಮರಳಿನ ಪಟ್ಟಿ ನಾವು ಕೊಟ್ಟೇ ಇಲ್ಲ, ಅದು ನಿಮ್ಮ ಕಬ್ಜೆಯಲ್ಲಿದೆ ಅಷ್ಟೇ ಎಂದು ಸ್ಪೇನ್; ಇಷ್ಟು ಕಾಲದ ವಹಿವಾಟೇ ಹಕ್ಕು ಎಂದು ಬ್ರಿಟನ್. ಹೊಲದ ಬದುವಿನ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಮಾನ ನಿಲ್ದಾಣ ಇರುವುದು ಅದೇ ಪಟ್ಟಿಯ ಮೇಲೆ. ಆದ್ದರಿಂದ ಇಲ್ಲಿ ಎರಡು ಕೆಂಪು ಗೆರೆ: ಬ್ರಿಟನ್ ಹೇಳುವುದು ಪಟ್ಟಿಯ ಉತ್ತರಕ್ಕೆ, ಸ್ಪೇನ್ ಹೇಳುವುದು ಬಂಡೆಯ ಬುಡಕ್ಕೆ. ಅದೇ ಕಲಮಿನಲ್ಲಿ ಇನ್ನೊಂದು ಷರತ್ತೂ ಇದೆ: ಬ್ರಿಟನ್ ಇದನ್ನು ಕೈಬಿಡುವುದಾದರೆ ಮೊದಲು ಕೇಳಬೇಕಾದದ್ದು ಸ್ಪೇನನ್ನೇ.

ನೀಲಿ ಗೆರೆಯಲ್ಲಿ ಬಹಳ ಮಂದಿ ಎಡವುತ್ತಾರೆ. 1973ರಲ್ಲಿ ಬ್ರಿಟನ್ ಜೊತೆ ಯುರೋಪಿನ ಕೂಟದ (ಇಂದಿನ ಒಕ್ಕೂಟದ ಹಿಂದಿನ ರೂಪ) ಒಳಗೆ ಹೋದಾಗಲೂ ಜಿಬ್ರಾಲ್ಟರ್ ಅದರ ಸುಂಕ ವ್ಯವಸ್ಥೆಯ ಹೊರಗೇ ಇತ್ತು. ಪಾಸ್‌ಪೋರ್ಟ್ ತಪಾಸಣೆಯಿಲ್ಲದೆ ಓಡಾಡುವ ಯುರೋಪಿನ ಷೆಂಗೆನ್ ವಲಯದಲ್ಲೂ ಇರಲಿಲ್ಲ. ಅಂದರೆ ಸ್ಪೇನ್ ಕಡೆಯ ಗಡಿ ಬೇಲಿಯ ಹತ್ತಿರ ತಪಾಸಣೆ ಬ್ರೆಕ್ಸಿಟ್‌ಗೆ ಮುಂಚೆಯೂ ಇತ್ತು. ‘ಬ್ರೆಕ್ಸಿಟ್‌ನಿಂದ ಗಡಿ ಹುಟ್ಟಿತು’ ಎಂದು ಬರೆದರೆ ತಪ್ಪು. ಹೋದದ್ದು ಅಡೆತಡೆಯಿಲ್ಲದೆ ಓಡಾಡುವ, ಕೆಲಸ ಮಾಡುವ ಹಕ್ಕು. ದಿನಾ ಗಡಿ ದಾಟಿ ಕೆಲಸಕ್ಕೆ ಬರುವವರು ಸುಮಾರು 15,000. 2016ರಲ್ಲಿ ಅಲ್ಲಿಯ ಮತದಾರರಲ್ಲಿ ಶೇ. 95.9ರಷ್ಟು ಜನ ಒಕ್ಕೂಟದಲ್ಲೇ ಇರೋಣ ಎಂದದ್ದು ಸುಮ್ಮನೆ ಅಲ್ಲ.

ಈಗ ಶೀಟಿನ ಅಂಚಿನಲ್ಲಿ ಒಂದು ಸಾಲು ಬರೆಯಿರಿ: ಕುರ್ಚಿ ಯಾರದು? ಅಂದರೆ ಒಕ್ಕೂಟದ ಸಭೆಯಲ್ಲಿ ಕೂತು ತಡೆ ಹಾಕಬಲ್ಲವರು ಯಾರು? 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಮುಚ್ಚಿದ ಗಡಿ ಬಾಗಿಲು ಪೂರ್ತಿ ತೆರೆದದ್ದು 1985ರಲ್ಲಿ, ಸ್ಪೇನ್ ಯುರೋಪಿನ ಕೂಟಕ್ಕೆ ಸೇರುವ ಹಿಂದಿನ ವರ್ಷ. ಆಗ ಬ್ರಿಟನ್ ಒಳಗೆ, ಸ್ಪೇನ್ ಬಾಗಿಲಲ್ಲಿ. ಬ್ರೆಕ್ಸಿಟ್‌ನಲ್ಲಿ ಆಟ ತಿರುಗಿತು. 2017ರ ಏಪ್ರಿಲ್‌ನಲ್ಲಿ ಯುರೋಪಿನ ನಾಯಕರು ಸಂಧಾನದ ಮಾರ್ಗಸೂಚಿಯಲ್ಲೇ ಬರೆದರು: ಬ್ರಿಟನ್ ಬಿಟ್ಟುಹೋದ ಮೇಲೆ ಆಗುವ ಯಾವ ಒಪ್ಪಂದವೂ ಸ್ಪೇನ್ ಒಪ್ಪದೆ ಜಿಬ್ರಾಲ್ಟರ್‌ಗೆ ಅನ್ವಯಿಸದು. ಬಿಟ್ಟು ಹೋದವನು ನೆಲ ಕಳೆದುಕೊಳ್ಳುವುದಿಲ್ಲ, ಕುರ್ಚಿ ಕಳೆದುಕೊಳ್ಳುತ್ತಾನೆ. ಮಲಗಿದ್ದ ತಕರಾರು ಏಳುವುದು ಅದಕ್ಕೇ.

2025ರ ಜೂನ್ 11ರ ರಾಜಕೀಯ ಒಪ್ಪಂದವನ್ನು ಇದೇ ಶೀಟಿನ ಮೇಲೆ ಹಾಕಿ. ಪೆನ್ಸಿಲ್ ಗೆರೆಯನ್ನು ಬೇಲಿಯಿಂದ ಅಳಿಸಿ ವಿಮಾನ ನಿಲ್ದಾಣ ಮತ್ತು ಬಂದರಿಗೆ ಒಯ್ಯಿರಿ. ಅಲ್ಲಿ ಜಿಬ್ರಾಲ್ಟರ್‌ನದೊಂದು, ಷೆಂಗೆನ್‌ನದೊಂದು, ಎರಡು ತಪಾಸಣೆ. ಸರಕಿಗೆ ಯುರೋಪಿನ ಜೊತೆ ಸುಂಕ ಒಕ್ಕೂಟ, ಅಂದರೆ ಬೇಲಿಯ ನೀಲಿಯೂ ಹೋಯಿತು. ಕೆಂಪು ಎರಡೂ ಹಾಗೇ ಇವೆ, ಮುಟ್ಟಬೇಡಿ.

ಉಳಿದವು ಬೇಗ

ಉತ್ತರ ಐರ್ಲೆಂಡ್ (ಐರ್ಲೆಂಡ್ ದ್ವೀಪದಲ್ಲಿ ಬ್ರಿಟನ್ನಿನ ಭಾಗ): ಕೆಂಪು ಸುಮಾರು 500 ಕಿಲೋಮೀಟರಿನ ನೆಲದ ಗಡಿಯಲ್ಲಿ. ನೀಲಿ ಗೆರೆ ಬ್ರಿಟನ್ ಕಡೆಯ ಸಮುದ್ರದಲ್ಲಿ, ಅದೂ ಚುಕ್ಕಿ ಗೆರೆ. ಯಾಕೆಂದರೆ ಕಾಗದದ ಮೇಲೆ ಅದು ಬ್ರಿಟನ್ನಿನ ಸುಂಕ ಪ್ರದೇಶವೇ, ಸರಕಿಗೆ ಮಾತ್ರ ಯುರೋಪಿನ ನಿಯಮ. ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ 2023ರ ವಿಂಡ್ಸರ್ ಚೌಕಟ್ಟು ಸಡಿಲಿಸಿದ್ದು ಈ ಚುಕ್ಕಿಗಳನ್ನು. ನೆಲದ ಗಡಿಯಲ್ಲಿ ಪೆನ್ಸಿಲ್ ಗೆರೆ ಎಳೆಯಲೇಬೇಡಿ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಮುಕ್ತ ಓಡಾಟ ಒಕ್ಕೂಟಕ್ಕಿಂತ ಹಳೆಯದು.

ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ 1985ರಲ್ಲೇ ಯುರೋಪಿನ ಕೂಟ ಬಿಟ್ಟಿತು, ಡೆನ್ಮಾರ್ಕ್ ಬಿಡಲಿಲ್ಲ. ಬ್ರಿಟನ್ ಕೈಯಲ್ಲಿದ್ದು ಮಾರಿಷಸ್ ನಮ್ಮದು ಎನ್ನುವ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಗೆ ಒಂದು ಅಂಕಿ ಸಾಕು: 2019ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬ್ರಿಟನ್ ವಿರುದ್ಧ 116 ಮತ, ಪರ 6. ಯುರೋಪಿನ ನೆಂಟರಲ್ಲಿ ಕೈಹಿಡಿದದ್ದು ಹಂಗೇರಿ ಒಂದೇ.

ಕೆಂಪು ಗೆರೆಯೇ ಹುಟ್ಟುವ ಪ್ರಕರಣ

ಬಿಟ್ಟ ಒಕ್ಕೂಟವೇ ಒಂದು ದೇಶವಾಗಿದ್ದರೆ ಶೀಟು ಬದಲಿಸಿ. 1965ರಲ್ಲಿ ಮಲೇಷ್ಯಾದಿಂದ ಸಿಂಗಪುರ, 1993ರಲ್ಲಿ ಇಥಿಯೋಪಿಯಾದಿಂದ ಎರಿಟ್ರಿಯಾ. ಇಂಥಲ್ಲಿ ಸಾಮಾನ್ಯವಾಗಿ ಹಳೆಯ ಆಡಳಿತದ ಗೆರೆಯೇ ರಾತ್ರೋರಾತ್ರಿ ಅಂತಾರಾಷ್ಟ್ರೀಯ ಗಡಿಯಾಗುತ್ತದೆ, ಹಳೆಯ ಕಡತಕ್ಕೆ ಬೆಲೆ ಬರುತ್ತದೆ. ಪೆಡ್ರಾ ಬ್ರಾಂಕಾ ಎಂಬ ಕಲ್ಲುದ್ವೀಪ ಮಲೇಷ್ಯಾದ್ದಲ್ಲ, ಸಿಂಗಪುರದ್ದು ಎಂದು 2008ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿತು. ಅದಕ್ಕೆ ದೊಡ್ಡ ಆಧಾರವಾದದ್ದು ‘ಅದರ ಒಡೆತನ ನಾವು ಕೇಳುವುದಿಲ್ಲ’ ಎಂದು ಈಗ ಮಲೇಷ್ಯಾದ ರಾಜ್ಯವಾಗಿರುವ ಜೊಹೋರ್‌ನ ಅಧಿಕಾರಿ 1953ರಲ್ಲಿ ಬರೆದ ಪತ್ರ. ಕಚೇರಿಯ ಒಂದು ಹಿಂಬರಹ, 55 ವರ್ಷದ ಮೇಲೆ ಒಂದು ದ್ವೀಪ. ಬೆಳಗಾವಿಯ ಹೋಲಿಕೆ ಬೇಕೇಬೇಕು ಎಂದರೆ ಇಲ್ಲಿ ತನ್ನಿ, ಅದೂ ಆಡಳಿತದ ಗೆರೆ ಎಂದರೇನು ಎಂದು ತೋರಿಸಲು ಮಾತ್ರ.

ಬರೆಯುವಾಗ

150 ಪದದ ಉತ್ತರಕ್ಕೆ ಮೊದಲ 30 ಪದದಲ್ಲಿ ನೆಲ ಯಾರ ಕೈಯಲ್ಲಿದೆ, ಯಾವ ಕಾಗದದ ಮೇಲೆ ಎಂದು ಬರೆಯಿರಿ. ಮುಂದಿನ 70ರಲ್ಲಿ ಯಾವ ಗೆರೆ ಸರಿಯಿತು, ಯಾವುದು ಇಲ್ಲ. ಜನಮತಕ್ಕೆ 20ಕ್ಕಿಂತ ಹೆಚ್ಚು ಬೇಡ: 1967ರಲ್ಲಿ ಜಿಬ್ರಾಲ್ಟರ್‌ನಲ್ಲಿ ಬ್ರಿಟನ್ ಪರ 12,138, ಸ್ಪೇನ್ ಪರ 44 ಮತ ಬಿದ್ದರೂ ವಿಶ್ವಸಂಸ್ಥೆಯ ಮಹಾಸಭೆ ಆ ಡಿಸೆಂಬರಿನಲ್ಲೇ ಆ ಮತದಾನವನ್ನು ಒಪ್ಪಲಿಲ್ಲ. ಜನರ ಇಷ್ಟ ಗೊತ್ತಾಗುತ್ತದೆ, ಹಕ್ಕು ತೀರ್ಮಾನವಾಗುವುದಿಲ್ಲ. ಉಳಿದ 30 ಪದ ಕುರ್ಚಿಗೆ: ಒಕ್ಕೂಟದಲ್ಲಿ ಈಗ ತಡೆ ಹಾಕಬಲ್ಲವರು ಯಾರು. ‘ಮಾತುಕತೆಯಿಂದ ಬಗೆಹರಿಯಬೇಕು’ ಎಂಬ ಸಾಲು ಬಂದರೆ ಹೊಡೆದುಹಾಕಿ, ಆ ಜಾಗಕ್ಕೆ ಒಂದು ಇಸವಿ ಹಿಡಿಸುತ್ತದೆ.